ಓದುಗರ ಪ್ರಶ್ನೆ, ನಮ್ಮ ಉತ್ತರ: ಬಡಾವಣೆಯ ಹೊಸ ರೆಸ್ಟೋರೆಂಟ್ ಏಕೆ ಉಳಿಯುತ್ತದೆ, ಏಕೆ ಮುಚ್ಚುತ್ತದೆ?

ನಗರದ ಹೊರವಲಯದ ಬಡಾವಣೆಗಳಲ್ಲಿ ರೆಸ್ಟೋರೆಂಟುಗಳು ತೆರೆಯುವ ಮತ್ತು ಮುಚ್ಚುವ ವೇಗದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಊಟಕ್ಕೆ ಹೋಗುವವರಿದ್ದಾರೆ, ಹಣ ಹೂಡಲು ಹೊರಟವರಿದ್ದಾರೆ, ಮಳಿಗೆಯನ್ನು ಬಾಡಿಗೆಗೆ ಕೊಟ್ಟವರೊಬ್ಬರೂ ಇದ್ದಾರೆ. ಹೆಸರುಗಳನ್ನು ಬಿಟ್ಟಿದ್ದೇವೆ, ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ತೆರೆದ ರೆಸ್ಟೋರೆಂಟಿನಲ್ಲಿ ಮೊದಲ ಎರಡು ತಿಂಗಳು ಕುಳಿತುಕೊಳ್ಳಲು ಜಾಗ ಸಿಗುತ್ತಿರಲಿಲ್ಲ. ಅಡುಗೆ ನಿಜಕ್ಕೂ ಚೆನ್ನಾಗಿತ್ತು. ವರ್ಷ ತುಂಬುವ ಮೊದಲೇ ಬಾಗಿಲು ಹಾಕಿದರು. ರುಚಿಯೂ ಇದ್ದು, ಜನರೂ ಬಂದು, ವ್ಯಾಪಾರ ಕೆಟ್ಟದ್ದು ಹೇಗೆ?

ಉತ್ತರ: ಮೊದಲ ಎರಡು ತಿಂಗಳ ಜನಸಂದಣಿಯನ್ನೇ ವ್ಯಾಪಾರವೆಂದು ಎಣಿಸಿದ್ದು ಬಹುಶಃ ಅಲ್ಲಿನ ತೊಂದರೆಯ ಮೂಲವಾಗಿರಬೇಕು. ಹೊಸದೇನು ಬಂದಿದೆ ಎಂದು ನೋಡಲು ಸುತ್ತಲಿನವರೆಲ್ಲ ಒಂದು ಸಲ ಬರುತ್ತಾರೆ. ನಗರದ ನಡುಭಾಗದಲ್ಲಾದರೆ ಹೀಗೆ ಒಂದು ಸಲ ಬರುವವರು ಎಂದೂ ಮುಗಿಯುವುದಿಲ್ಲ. ಕಚೇರಿ ಕೆಲಸಕ್ಕೆ ಬಂದವರು, ಪೇಟೆಗೆ ಬಂದವರು, ರೈಲು ಹಿಡಿಯಲು ಹೊರಟವರು, ಪ್ರವಾಸಿಗಳು ಎಂದು ದಿನವೂ ಹೊಸ ಮುಖಗಳು ಬಾಗಿಲ ಮುಂದೆ ಹಾದುಹೋಗುತ್ತಲೇ ಇರುತ್ತವೆ. ಬಡಾವಣೆಯಲ್ಲಿ ಇಂದು ಹಾದುಹೋಗುವವರು ನಿನ್ನೆ ಹಾದುಹೋದವರೇ. ಅವರೆಲ್ಲ ಒಮ್ಮೆ ಬಂದು ಹೋದ ಮೇಲೆ, ಎಷ್ಟು ಮನೆಗಳವರು ಎಷ್ಟು ದಿನಕ್ಕೊಮ್ಮೆ ಮರಳಿ ಬರುತ್ತಾರೆ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ. ಬಡಾವಣೆಯ ರೆಸ್ಟೋರೆಂಟಿನ ಹಣೆಬರಹವನ್ನು ಬರೆಯುವುದು ಈ ಅಂತರ ಮತ್ತು ಅದಕ್ಕೆ ತಕ್ಕಂತೆ ಹಾಕಿಕೊಂಡ ಅಥವಾ ಹಾಕಿಕೊಳ್ಳದ ಖರ್ಚು ಎಂಬುದು ನಮ್ಮ ಅಭಿಪ್ರಾಯ.

ಊಹೆಯ ಅಂಕಿಗಳನ್ನಿಟ್ಟುಕೊಂಡು ಲೆಕ್ಕ ಹಾಕೋಣ. ಹತ್ತು ನಿಮಿಷಗಳ ಹಾದಿಯಲ್ಲಿ 4,000 ಮನೆಗಳಿವೆ ಎನ್ನಿ. ಅವರಲ್ಲಿ ಅರ್ಧದಷ್ಟು ಮನೆಗಳವರು ಕುತೂಹಲಕ್ಕಾಗಿ ಮೊದಲ ಎರಡು ತಿಂಗಳಲ್ಲಿ ಒಂದು ಸಲ ಬಂದರೆ, ಸಲಕ್ಕೆ ಸರಾಸರಿ ಎರಡೂವರೆ ಜನರಂತೆ 5,000 ಊಟಗಳಾಗುತ್ತವೆ, ಅಂದರೆ ದಿನಕ್ಕೆ ಸುಮಾರು 83. ಮಾಲೀಕರು ಈ ಅಂಕಿಯನ್ನು ನೋಡಿ ಇನ್ನಿಬ್ಬರು ಸಪ್ಲೈಯರ್‌ಗಳನ್ನೂ ಒಬ್ಬ ಅಡುಗೆಯವರನ್ನೂ ಸೇರಿಸಿಕೊಳ್ಳುತ್ತಾರೆ. ಮೂರನೆಯ ತಿಂಗಳಿನಿಂದ ನಿಜವಾದ ವ್ಯಾಪಾರ ಆರಂಭವಾಗುತ್ತದೆ. ಮೆಚ್ಚಿಕೊಂಡ ಮನೆಗಳು ಹತ್ತಕ್ಕೊಂದು, ಅಂದರೆ 400 ಎಂದಿಟ್ಟುಕೊಂಡರೆ, ಅವರು ತಿಂಗಳಿಗೆ ಎರಡು ಸಲ ಬಂದಾಗ ದಿನಕ್ಕೆ ಸುಮಾರು 67 ಊಟ. ಎರಡು ತಿಂಗಳಿಗೊಮ್ಮೆ ಬಂದಾಗ ದಿನಕ್ಕೆ 17. ಎರಡೂ ಸಂದರ್ಭಗಳಲ್ಲಿ ಮೆಚ್ಚಿದವರ ಸಂಖ್ಯೆ ಒಂದೇ, ಹೊಗಳಿಕೆಯ ಮಾತುಗಳೂ ಅವೇ, ಆದರೆ ಮೊದಲನೆಯದು ಉಳಿಯುತ್ತದೆ, ಎರಡನೆಯದು ಮುಚ್ಚುತ್ತದೆ. ನೀವು ಅಲ್ಲಿಗೆ ಎಷ್ಟು ಸಲ ಹೋಗಿದ್ದಿರಿ ಎಂದು ನೆನಪಿಸಿಕೊಂಡರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕೀತು. ಇದನ್ನು ಆಕ್ಷೇಪವೆಂದು ಭಾವಿಸಬೇಡಿ.

ರುಚಿ ಮಾತ್ರ ಈ ಅಂತರವನ್ನು ಕಡಿಮೆ ಮಾಡುವುದಿಲ್ಲ. ತುಂಬ ರುಚಿಯಾದ, ತುಸು ದುಬಾರಿಯಾದ, ನಿಧಾನವಾಗಿ ಬಡಿಸುವ ಜಾಗವನ್ನು ಜನ ಹುಟ್ಟುಹಬ್ಬಕ್ಕೋ ಅತಿಥಿಗಳು ಬಂದಾಗಲೋ ಎಂದು ಎತ್ತಿಡುತ್ತಾರೆ. ಕೆಲಸ ಮುಗಿಸಿ ದಣಿದು ಬಂದ ವಾರದ ನಡುವಿನ ಸಂಜೆಗೆ ಅವರಿಗೆ ಬೇಕಾಗುವುದು ಬೇರೆಯದೇ ಜಾಗ: ಯೋಚಿಸದೆ ಹೋಗಬಹುದಾದ, ಮುಕ್ಕಾಲು ಗಂಟೆಯಲ್ಲಿ ಊಟ ಮುಗಿಸಬಹುದಾದ, ಮಗು ಗಲಾಟೆ ಮಾಡಿದರೂ ಯಾರೂ ಹುಬ್ಬು ಗಂಟಿಕ್ಕದ ಜಾಗ. ಬಡಾವಣೆಯಲ್ಲಿ ರೆಸ್ಟೋರೆಂಟಿನ ದೊಡ್ಡ ಎದುರಾಳಿ ಪಕ್ಕದ ರೆಸ್ಟೋರೆಂಟ್ ಅಲ್ಲ, ಗಿರಾಕಿಯ ಸ್ವಂತ ಅಡುಗೆಮನೆ.

ಇದರೊಡನೆ ಹೊತ್ತಿನ ತೊಂದರೆಯೂ ಸೇರುತ್ತದೆ. ವಸತಿ ಬಡಾವಣೆಗಳು ಹಗಲಿನಲ್ಲಿ ಖಾಲಿಯಾಗಿರುವುದರಿಂದ ಮಧ್ಯಾಹ್ನದ ವ್ಯಾಪಾರ ಮಂದವಾಗಿರುತ್ತದೆ, ವಾರದ ಮೊದಲ ದಿನಗಳ ಸಂಜೆಯೂ ಹಾಗೆಯೇ. ಬಾಡಿಗೆ ಮಾತ್ರ ಏಳೂ ದಿನಗಳಿಗೆ ಸಮನಾಗಿ ಬೀಳುತ್ತದೆ. ವಾರದ ಆದಾಯದ ದೊಡ್ಡ ಭಾಗ ಎರಡೇ ಸಂಜೆಗಳಲ್ಲಿ ಬರುವಾಗ, ಮಂಗಳವಾರ ಖಾಲಿ ಉಳಿದ ಕುರ್ಚಿಯನ್ನು ಶನಿವಾರಕ್ಕೆ ಎತ್ತಿಡಲಾಗದು. ಶನಿವಾರ ಜಾಗವಿಲ್ಲದೆ ಹಿಂದಿರುಗಿದವರು ಮಂಗಳವಾರ ಬರುವುದಿಲ್ಲ.

ಇನ್ನು ಖರ್ಚಿನ ರಚನೆ. ನೂರು ಬಂದರೆ ಕಚ್ಚಾ ಸಾಮಗ್ರಿಗೆ 30, ಸಂಬಳಕ್ಕೆ 30, ಬಾಡಿಗೆಗೆ 10, ವಿದ್ಯುತ್ತು, ಇಂಧನ, ದುರಸ್ತಿ, ಸಾಲದ ಕಂತು ಮೊದಲಾದವಕ್ಕೆ 25 ಎಂದು ಹಿಡಿದರೆ ಮಾಲೀಕರಿಗೆ ಉಳಿಯುವುದು 5. ಈ ವ್ಯಾಪಾರದಲ್ಲಿ ಇದು ತೀರ ಅಸಹಜವಾದ ಚಿತ್ರವೇನಲ್ಲ. ಈಗ ವ್ಯಾಪಾರ ಐದರಲ್ಲೊಂದು ಪಾಲು ಕುಸಿದು 80ಕ್ಕೆ ಇಳಿಯಲಿ. ಸಾಮಗ್ರಿಯ ಖರ್ಚು 24ಕ್ಕೆ ಇಳಿಯುತ್ತದೆ, ಉಳಿದ 65 ಅಲ್ಲೇ ಇರುತ್ತದೆ, ಒಟ್ಟು 89. ಐದರ ಲಾಭ ಒಂಬತ್ತರ ನಷ್ಟವಾಯಿತು. ಅದೇ ವ್ಯಾಪಾರ 120ಕ್ಕೆ ಏರಿದರೆ ಖರ್ಚು 101, ಉಳಿತಾಯ 19. ಹೊರಗಿನಿಂದ ನೋಡುವವರಿಗೆ ಎಂಬತ್ತಕ್ಕೂ ನೂರಿಪ್ಪತ್ತಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಎರಡರಲ್ಲೂ ಶನಿವಾರ ರಾತ್ರಿ ತುಂಬಿಯೇ ಇರುತ್ತದೆ. ಒಳಗಿನ ಲೆಕ್ಕದಲ್ಲಿ ಮಾತ್ರ ಒಂದು ಮುಳುಗುತ್ತಿರುತ್ತದೆ, ಇನ್ನೊಂದು ಎರಡನೆಯ ಶಾಖೆಯ ಯೋಚನೆಯಲ್ಲಿರುತ್ತದೆ.

ಪ್ರಶ್ನೆ: ಹತ್ತು ಹೊಸ ರೆಸ್ಟೋರೆಂಟುಗಳಲ್ಲಿ ಒಂಬತ್ತು ಮೊದಲ ವರ್ಷದಲ್ಲೇ ಮುಚ್ಚುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. 2003ರಲ್ಲಿ ಅಮೆರಿಕದ ಟಿವಿ ಜಾಹೀರಾತೊಂದರಲ್ಲೂ ಈ ಮಾತು ಬಂದಿತ್ತು. ಅದಕ್ಕೆ ಆಧಾರವೇನೆಂದು ಹುಡುಕಿ ಹೊರಟ ಸಂಶೋಧಕರಿಗೆ ಆಧಾರ ಸಿಗಲಿಲ್ಲ. ಎಚ್. ಜಿ. ಪಾರ್ಸ ಮತ್ತು ಅವರ ಸಂಗಡಿಗರು ಓಹಾಯೊ ರಾಜ್ಯದ ಕೊಲಂಬಸ್ ನಗರದ ರೆಸ್ಟೋರೆಂಟುಗಳನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮೊದಲ ವರ್ಷದಲ್ಲಿ ಸೋತವು ಸುಮಾರು ಶೇ 26, ಮೂರು ವರ್ಷಗಳಲ್ಲಿ ಒಟ್ಟು ಸುಮಾರು ಶೇ 60 ಎಂದು ಕಂಡುಬಂದಿತು. ಅಲ್ಲಿ ಮಾಲೀಕತ್ವ ಕೈಬದಲಾದದ್ದನ್ನೂ ಸೋಲೆಂದೇ ಎಣಿಸಲಾಗಿತ್ತು ಎಂಬುದನ್ನು ಗಮನಿಸಬೇಕು, ಏಕೆಂದರೆ ಒಳ್ಳೆಯ ಬೆಲೆಗೆ ಮಾರಿ ಹೊರಬಂದವರೂ ಆ ಲೆಕ್ಕದಲ್ಲಿ ಸೇರಿಬಿಡುತ್ತಾರೆ. ಟಿಯಾನ್ ಲುವೊ ಮತ್ತು ಫಿಲಿಪ್ ಸ್ಟಾರ್ಕ್ ಅವರು ಪಶ್ಚಿಮ ಅಮೆರಿಕದ ರಾಜ್ಯಗಳ ಉದ್ಯೋಗ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಸ್ವತಂತ್ರವಾಗಿ ನಡೆಯುವ, ಕುಳಿತು ಉಣ್ಣುವ ರೆಸ್ಟೋರೆಂಟುಗಳಲ್ಲಿ ಮೊದಲ ವರ್ಷ ಮುಚ್ಚಿದವು ಸುಮಾರು ಶೇ 17. ಇತರ ಸೇವಾ ಉದ್ಯಮಗಳಲ್ಲಿ ಇದೇ ಅಂಕಿ ಶೇ 19ರಷ್ಟಿತ್ತು. ರೆಸ್ಟೋರೆಂಟಿನ ಮಧ್ಯಾಂಕ ಆಯುಸ್ಸು, ಅಂದರೆ ಅರ್ಧದಷ್ಟು ರೆಸ್ಟೋರೆಂಟುಗಳು ಮುಚ್ಚಿಹೋಗುವಷ್ಟರ ಅವಧಿ, ಸುಮಾರು ನಾಲ್ಕೂವರೆ ವರ್ಷ ಎಂದು ಅವರು ಲೆಕ್ಕ ಹಾಕಿದರು. ಐವರು ಅಥವಾ ಅದಕ್ಕಿಂತ ಕಡಿಮೆ ನೌಕರರೊಡನೆ ಆರಂಭವಾದ ಪುಟ್ಟ ರೆಸ್ಟೋರೆಂಟುಗಳ ಆಯುಸ್ಸು ಇದಕ್ಕಿಂತ ಕಡಿಮೆ, ಮೂರೂಮುಕ್ಕಾಲು ವರ್ಷ.

ಇವು ಒಂದು ದೇಶದ ಅಂಕಿಗಳು. ಹಾಗೆಯೇ ಎಲ್ಲ ಕಡೆಗೂ ಅನ್ವಯಿಸಲಾಗದು. ಆದರೂ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಕಣ್ಣಿಗೆ ಬೀಳುವ ಸೋಲುಗಳಲ್ಲಿ ರೆಸ್ಟೋರೆಂಟುಗಳು ಹೆಚ್ಚಾಗಿ ಕಾಣಲು, ಅವು ಬೀದಿಯಲ್ಲೇ ತೆರೆದು ಬೀದಿಯಲ್ಲೇ ಮುಚ್ಚುವುದು ಒಂದು ಕಾರಣ. ಮನೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಸಣ್ಣ ಕಚೇರಿ ಮುಚ್ಚಿದರೆ ನೆರೆಯವರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ಮಳಿಗೆಯಲ್ಲಿ ಮೂರನೆಯ ರೆಸ್ಟೋರೆಂಟೂ ಮುಚ್ಚಿತು. ಆ ಜಾಗಕ್ಕೆ ಯೋಗವಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಜಾಗದ ತಪ್ಪೇ, ನಡೆಸಿದವರ ತಪ್ಪೇ?

ಉತ್ತರ: ಯೋಗದ ಮಾತನ್ನು ಬದಿಗಿಟ್ಟು, ಮೊದಲು ರಸ್ತೆಯ ಎದುರು ಬದಿಯಲ್ಲಿ ಒಂದು ಸಂಜೆ ನಿಂತು ನೋಡಿ. ಕೆಲಸದಿಂದ ಮನೆಗೆ ಮರಳುವವರ ವಾಹನಗಳು ನಿಮ್ಮ ಮಳಿಗೆಯ ಬದಿಯಲ್ಲಿ ಸಾಗುತ್ತವೆಯೇ, ಎದುರು ಬದಿಯಲ್ಲಿ ಸಾಗುತ್ತವೆಯೇ? ನಡುವೆ ವಿಭಜಕವಿದ್ದು, ತಿರುಗಿ ಬರಲು ಒಂದು ಕಿಲೋಮೀಟರ್ ಮುಂದೆ ಹೋಗಬೇಕಾದರೆ, ಹಸಿದವರು ತಿರುಗಿ ಬರುವುದಿಲ್ಲ. ಬೆಳಿಗ್ಗೆ ಹೊರಡುವವರ ಬದಿ ತಿಂಡಿಗೆ ಅನುಕೂಲ, ಸಂಜೆ ಮರಳುವವರ ಬದಿ ರಾತ್ರಿಯೂಟಕ್ಕೆ ಅನುಕೂಲ. ಈ ಎರಡನ್ನು ತಿರುವುಮುರುವು ಮಾಡಿದ ವ್ಯಾಪಾರಗಳು ಅನೇಕ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಫಲಕವನ್ನು ಓದಿ, ನಿಲ್ಲಿಸೋಣವೇ ಎಂದು ಯೋಚಿಸಿ, ವೇಗ ತಗ್ಗಿಸಲು ಮೂರು ಸೆಕೆಂಡು ಬೇಕಾದರೂ ಐವತ್ತು ಮೀಟರ್ ಮೊದಲೇ ಅದು ಕಾಣಬೇಕು. ಮರದ ಕೊಂಬೆಯೋ ಪಕ್ಕದ ಕಟ್ಟಡದ ಚಾಚೋ ಅಡ್ಡ ಬಂದಿದ್ದರೆ ಮೂವರ ಸೋಲಿಗೂ ಅದೇ ಒಂದು ಕಾರಣವಾಗಿರಬಹುದು.

ವಾಹನ ನಿಲುಗಡೆಯನ್ನೂ ಎಣಿಸಿ. ಅರುವತ್ತು ಆಸನಗಳು ತುಂಬಿ, ಎಲ್ಲರೂ ಕಾರಿನಲ್ಲೇ ಎರಡೂವರೆ ಜನರಂತೆ ಬಂದರೆ 24 ಕಾರುಗಳಾಗುತ್ತವೆ. ಎಂಟು ಕಾರುಗಳ ಜಾಗವಿರುವ ಮಳಿಗೆಯಲ್ಲಿ ಅರುವತ್ತು ಕುರ್ಚಿ ಹಾಕಿದರೆ, ಅವುಗಳಲ್ಲಿ ನಲವತ್ತು ಕುರ್ಚಿಗಳಿಗೆ ನಡೆದು ಬರುವವರು ಬೇಕು, ಮತ್ತು ಹೊರವಲಯದ ಬಡಾವಣೆಗಳಲ್ಲಿ ನಡೆದು ಬರುವವರು ಕಡಿಮೆ.

ಇವೆಲ್ಲ ಸರಿಯಾಗಿದ್ದರೂ ಒಂದೇ ಮಳಿಗೆ ಮೇಲಿಂದ ಮೇಲೆ ಸೋಲುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಮಳಿಗೆಯವರು ಗಮನಿಸುವುದು ಅಪರೂಪ. ಮೊದಲನೆಯವರು ಹೊಗೆ ಕೊಳವೆ, ಒಲೆ, ಶೀತಲ ಕೋಣೆ, ಚರಂಡಿ ವ್ಯವಸ್ಥೆ ಎಲ್ಲವನ್ನೂ ಹಾಕಿಸಿ ಸೋತು ಹೋದಾಗ, ಅವು ಅಗ್ಗಕ್ಕೆ ಅಲ್ಲೇ ಉಳಿಯುತ್ತವೆ. ಹೊಸದಾಗಿ ಕಟ್ಟಿಸುವಷ್ಟು ಹಣವಿಲ್ಲದವರನ್ನು ಈ ಸಿದ್ಧ ಅಡುಗೆಮನೆ ಕೈಬೀಸಿ ಕರೆಯುತ್ತದೆ. ಹೀಗೆ ಬರುವವರು ಕಡಿಮೆ ಬಂಡವಾಳದವರೇ ಆಗಿರುತ್ತಾರೆ. ಮೂರು ಮಂದ ತಿಂಗಳುಗಳನ್ನು ತಾಳಿಕೊಳ್ಳುವ ಶಕ್ತಿ ಅವರಲ್ಲಿರುವುದಿಲ್ಲ, ಇನ್ನೊಬ್ಬರ ಅಡುಗೆಗೆ ಹೊಂದಿಸಿದ ಒಲೆಗಳಲ್ಲಿ ತಮ್ಮ ಅಡುಗೆ ಮಾಡಬೇಕಾಗಿರುತ್ತದೆ, ಮತ್ತು ಹಿಂದಿನವರು ಕೆಡಿಸಿದ ಹೆಸರೂ ಬೆನ್ನಿಗೆ ಅಂಟಿರುತ್ತದೆ. ಫಲಕ ಬದಲಾದದ್ದು ದಾರಿಹೋಕರ ಗಮನಕ್ಕೆ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ.

ನಿಮ್ಮ ಕೈಯಲ್ಲಿರುವುದು ಬಾಡಿಗೆ. ಒಟ್ಟು ಮಾರಾಟದಲ್ಲಿ ಬಾಡಿಗೆ ಶೇ 6ರಿಂದ 10ರೊಳಗೆ ಇರಬೇಕು ಎಂಬುದು ಈ ಉದ್ಯಮದಲ್ಲಿ ಬಹಳ ಕಾಲದಿಂದ ನಡೆದುಬಂದ ಅಂದಾಜು. ನಿಮ್ಮ ಮಳಿಗೆಯಲ್ಲಿ ನಡೆದ ಮೂರು ವ್ಯಾಪಾರಗಳ ಮಾರಾಟ ನಿಮಗೆ ಹೆಚ್ಚುಕಡಿಮೆ ತಿಳಿದಿರಬೇಕು. ನೀವು ಕೇಳುತ್ತಿರುವ ಬಾಡಿಗೆ ಅದರ ಶೇ 15 ಆಗಿದ್ದರೆ ನಾಲ್ಕನೆಯವರೂ ಹೋಗುತ್ತಾರೆ. ಸಾಮಾನು ಜೋಡಿಸುವ ತಿಂಗಳುಗಳಿಗೆ ಬಾಡಿಗೆ ಬಿಟ್ಟು, ಮೂಲ ಬಾಡಿಗೆಯನ್ನು ತಗ್ಗಿಸಿ, ಮಾರಾಟ ಒಂದು ಮಟ್ಟ ದಾಟಿದ ಮೇಲೆ ಅದರಲ್ಲೊಂದು ಪಾಲು ಪಡೆಯುವ ಒಪ್ಪಂದವನ್ನು ಯೋಚಿಸಿ. ಆರು ತಿಂಗಳು ಖಾಲಿ ಬಿದ್ದ ಮಳಿಗೆಗಿಂತ ಅದು ಲಾಭದಾಯಕ. ರೆಸ್ಟೋರೆಂಟಿಗೇ ಕೊಡಬೇಕೆಂದೂ ಇಲ್ಲ. ನಿಲುಗಡೆಯಿಲ್ಲದ, ಕಾಣದ ಜಾಗಕ್ಕೆ ಔಷಧಿ ಅಂಗಡಿಯೋ ದಂತವೈದ್ಯರೋ ಹೆಚ್ಚು ಹೊಂದಿಯಾರು, ಏಕೆಂದರೆ ಅವರಲ್ಲಿಗೆ ಜನ ಹುಡುಕಿಕೊಂಡು ಬರುತ್ತಾರೆ.

ಪ್ರಶ್ನೆ: ಈಗಾಗಲೇ ಎರಡು ರೆಸ್ಟೋರೆಂಟುಗಳಿರುವ ಬೀದಿಯಲ್ಲೇ ಮೂರನೆಯದನ್ನು ತೆರೆಯುವುದು ಬುದ್ಧಿವಂತಿಕೆಯೇ?

ಉತ್ತರ: ಒಂದೇ ಬೀದಿಯಲ್ಲಿ ಒಂದೇ ಬಗೆಯ ವ್ಯಾಪಾರಿಗಳು ಗುಂಪುಗೂಡುವುದಕ್ಕೆ ಅರ್ಥಶಾಸ್ತ್ರದಲ್ಲಿ ಹಳೆಯ ವಿವರಣೆಯಿದೆ. ಹೆರಾಲ್ಡ್ ಹೋಟೆಲಿಂಗ್ 1929ರಲ್ಲಿ ತೋರಿಸಿದಂತೆ, ಒಂದು ಸಾಲಿನುದ್ದಕ್ಕೂ ಹರಡಿದ ಗ್ರಾಹಕರಿಗಾಗಿ ಸ್ಪರ್ಧಿಸುವ ಇಬ್ಬರು ಮಾರಾಟಗಾರರು ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯುವ ಯತ್ನದಲ್ಲಿ ನಡುವಿಗೆ ಸರಿಯುತ್ತಾ ಅಕ್ಕಪಕ್ಕದಲ್ಲೇ ಬಂದು ನಿಲ್ಲುತ್ತಾರೆ. ಗುಂಪಿನಿಂದ ಲಾಭವೂ ಉಂಟು: ಎಲ್ಲಿ ಉಣ್ಣುವುದೆಂದು ನಿರ್ಧರಿಸದೆಯೇ ಆ ಬೀದಿಗೆ ಹೊರಡಬಹುದು ಎಂಬ ಭರವಸೆ ಜನರಲ್ಲಿ ಹುಟ್ಟಿದರೆ ದೂರದವರೂ ಬರುತ್ತಾರೆ. ಹೊರಗಿನವರು ಬಾರದ, ಒಳಗಿನವರಷ್ಟೇ ಇರುವ ಬಡಾವಣೆಯಲ್ಲಿ ಈ ಲಾಭ ಸಿಗುವುದು ಕಷ್ಟ. ಅಲ್ಲಿ ಮೂರನೆಯವರು ಬಂದರೆ ಇದ್ದ ಊಟಗಳೇ ಮೂರು ಪಾಲಾಗುತ್ತವೆ. ಈಗಿರುವ ಎರಡೂ ಸಂಜೆ ತೆರೆಯುವಂಥವಾಗಿದ್ದು ನೀವು ಬೆಳಗಿನ ಹೊತ್ತನ್ನು ಹಿಡಿಯುವುದಾದರೆ ಮಾತು ಬೇರೆ. ಅಡುಗೆಯ ಬಗೆಯಲ್ಲಿನ ವ್ಯತ್ಯಾಸಕ್ಕಿಂತ ಹೊತ್ತಿನ ಮತ್ತು ಸಂದರ್ಭದ ವ್ಯತ್ಯಾಸವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಿವೃತ್ತಿಯ ಹಣದಿಂದ ನಾನೂ ನನ್ನ ಪತ್ನಿಯೂ ಎಂಬತ್ತು ಆಸನಗಳ ರೆಸ್ಟೋರೆಂಟ್ ತೆರೆಯಬೇಕೆಂದಿದ್ದೇವೆ. ಯಾರೂ ಬೇಸರಪಡಬಾರದೆಂದು ನೂರಕ್ಕೂ ಹೆಚ್ಚು ತಿನಿಸುಗಳ ಪಟ್ಟಿ ಮಾಡಿದ್ದೇವೆ. ಒಳಾಂಗಣಕ್ಕೆ ಮತ್ತು ಅಡುಗೆಮನೆಗೆ ಹಣವೆಲ್ಲ ಖರ್ಚಾಗುತ್ತದೆ, ಆದರೆ ತೆರೆದ ದಿನದಿಂದಲೇ ಗಲ್ಲಾಪೆಟ್ಟಿಗೆಗೆ ಹಣ ಬರುವುದರಿಂದ ಚಿಂತೆಯಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಮ್ಮ ಸಲಹೆಯೇನು?

ಉತ್ತರ: ಸ್ನೇಹಿತರ ಕೊನೆಯ ಮಾತನ್ನು ದಯವಿಟ್ಟು ನಂಬಬೇಡಿ. ತೆರೆದ ದಿನದಿಂದ ಹಣ ಬರುತ್ತದೆ, ನಿಜ, ಆದರೆ ಅದು ಮೇಲೆ ಹೇಳಿದ ಕುತೂಹಲದ ಹಣ. ಅದು ಇಳಿದು, ಮರಳಿ ಬರುವವರ ಸಂಖ್ಯೆ ನಿಧಾನವಾಗಿ ಬೆಳೆಯುವ ನಡುವಿನ ತಿಂಗಳುಗಳನ್ನು ದಾಟಿಸಲು ಬೇರೆ ಹಣ ಬೇಕು. ಒಂದು ಗಿರಾಕಿಯೂ ಬರದಿದ್ದರೂ ಕನಿಷ್ಠ ಆರು ತಿಂಗಳ ಬಾಡಿಗೆ, ಸಂಬಳ, ಕಂತು ಕಟ್ಟುವಷ್ಟನ್ನು ಮುಟ್ಟದೆ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ಹಾಗೆ ಇಟ್ಟುಕೊಂಡರೆ ಒಳಾಂಗಣಕ್ಕೆ ಸಾಲದು ಎನ್ನುವುದಾದರೆ ಒಳಾಂಗಣವನ್ನು ಸರಳಗೊಳಿಸಿ. ಗೋಡೆಯ ಅಲಂಕಾರವನ್ನು ನೋಡಲು ಯಾರೂ ಎರಡನೆಯ ಸಲ ಬರುವುದಿಲ್ಲ. ಶಬ್ದ ಪ್ರತಿಧ್ವನಿಸದಂತೆ ನೋಡಿಕೊಳ್ಳುವುದಕ್ಕೆ, ಶೌಚಾಲಯಕ್ಕೆ, ಕುರ್ಚಿಗಳಿಗೆ ಮಾತ್ರ ಜಿಪುಣತನ ಬೇಡ.

ಎಂಬತ್ತು ಆಸನಗಳು ಏಕೆ ಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಶನಿವಾರ ರಾತ್ರಿಯ ಎರಡು ಗಂಟೆಗಳಿಗಾಗಿ ಎಂದಾದರೆ, ವಾರದ ಉಳಿದ ಹೊತ್ತೆಲ್ಲ ಖಾಲಿ ಕುರ್ಚಿಗಳಿಗೆ ಬಾಡಿಗೆ ತೆರುತ್ತೀರಿ. ನಲವತ್ತು ಆಸನಗಳ ಜಾಗ ಶನಿವಾರ ತುಂಬಿ, ಕೆಲವರು ಹೊರಗೆ ಕಾದು, ಮಂಗಳವಾರವೂ ತೀರ ಬಿಕೋ ಎನ್ನದೆ ಇರುತ್ತದೆ. ಖಾಲಿ ಹಾಲನ್ನು ಕಿಟಕಿಯಿಂದ ನೋಡಿದ ಹೊಸಬರು ಒಳಗೆ ಬರಲು ಹಿಂಜರಿಯುತ್ತಾರೆ ಎಂಬುದನ್ನೂ ಮರೆಯಬೇಡಿ.

ನೂರು ತಿನಿಸುಗಳ ಪಟ್ಟಿ ಗಿರಾಕಿಗೆ ಔದಾರ್ಯವಾಗಿ ಕಾಣಬಹುದು, ಅಡುಗೆಮನೆಗೆ ಅದು ಶಿಕ್ಷೆ. ಪ್ರತಿಯೊಂದು ತಿನಿಸಿಗೂ ತಂದಿಟ್ಟ ಸಾಮಗ್ರಿ ಬೇಕು, ಅಪರೂಪಕ್ಕೆ ಕೇಳುವ ಮೂವತ್ತು ತಿನಿಸುಗಳ ಸಾಮಗ್ರಿ ಕೆಡುತ್ತದೆ, ಕೆಡಬಾರದೆಂದು ಹಳೆಯದನ್ನು ಬಳಸಿದರೆ ಹೆಸರು ಕೆಡುತ್ತದೆ. ಜನಸಂದಣಿಯಲ್ಲಿ ಹನ್ನೆರಡು ಮೇಜುಗಳಿಂದ ಹನ್ನೆರಡು ಬೇರೆ ಬೇರೆ ತಿನಿಸುಗಳು ಬಂದಾಗ ಎಲ್ಲವೂ ತಡವಾಗುತ್ತವೆ. ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಮುಂದಿಟ್ಟ ವಿಧಾನ ಇಂದಿಗೂ ಉಪಯುಕ್ತವಾಗಿದೆ: ಪ್ರತಿ ತಿನಿಸನ್ನೂ ಅದು ಎಷ್ಟು ಮಾರಾಟವಾಗುತ್ತದೆ ಮತ್ತು ಸಾಮಗ್ರಿಯ ಖರ್ಚು ಕಳೆದು ಎಷ್ಟು ಉಳಿಸುತ್ತದೆ ಎಂಬ ಎರಡು ಅಳತೆಗಳಲ್ಲಿ ತೂಗಿ ನಾಲ್ಕು ಗುಂಪುಗಳಾಗಿ ವಿಂಗಡಿಸುವುದು. ಮಾರಾಟವೂ ಇಲ್ಲ, ಉಳಿತಾಯವೂ ಇಲ್ಲ ಎಂಬ ಗುಂಪಿನವನ್ನು ಕೈಬಿಡುವುದಕ್ಕೆ ಯಾರ ಅನುಮತಿಯೂ ಬೇಡ. ತುಂಬ ಮಾರಾಟವಾಗಿ ಕಡಿಮೆ ಉಳಿಸುವವನ್ನು ಮಾತ್ರ ದಿಢೀರನೆ ತೆಗೆಯಬೇಡಿ. ಬಹಳ ಜನ ಮರಳಿ ಬರುವುದು ಅವುಗಳಿಗಾಗಿಯೇ ಇರುತ್ತದೆ. ಮೂವತ್ತು ತಿನಿಸುಗಳಿಂದ ಆರಂಭಿಸಿ.

ಅಡುಗೆ ಯಾರು ಮಾಡುತ್ತಾರೆ ಎಂದು ನೀವು ಬರೆದಿಲ್ಲ. ಒಬ್ಬರೇ ಅಡುಗೆಯವರ ಕೈಗುಣದ ಮೇಲೆ ನಿಂತ ರೆಸ್ಟೋರೆಂಟ್, ಅವರು ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೋದ ದಿನ ಬೇರೆಯೇ ರೆಸ್ಟೋರೆಂಟ್ ಆಗಿಬಿಡುತ್ತದೆ. ಪ್ರತಿ ತಿನಿಸಿನ ಅಳತೆಯನ್ನೂ ಗ್ರಾಮ್ ಮತ್ತು ನಿಮಿಷಗಳಲ್ಲಿ ಬರೆದಿಡಿಸಿ, ಇನ್ನೊಬ್ಬರು ಅದನ್ನು ನೋಡಿ ಮಾಡಿದಾಗ ಅದೇ ರುಚಿ ಬರುತ್ತದೆಯೇ ಎಂದು ತೆರೆಯುವ ಮೊದಲೇ ಪರೀಕ್ಷಿಸಿ. ಮರಳಿ ಬರುವವರು ಹುಡುಕಿಕೊಂಡು ಬರುವುದು ಕಳೆದ ಸಲದ ರುಚಿಯನ್ನು.

ಕೊನೆಯದಾಗಿ, ನೀವಿಬ್ಬರೂ ಕುಳಿತು ಮಾತಾಡಬೇಕಾದ ವಿಷಯ. ಪಾರ್ಸ ಅವರ ಅಧ್ಯಯನದಲ್ಲಿ ಮುಚ್ಚಿದ ಮಾಲೀಕರನ್ನು ಮಾತಾಡಿಸಿದಾಗ, ಹಣಕಾಸಿನ ಕಾರಣಗಳ ಜೊತೆಗೆ ಕುಟುಂಬಕ್ಕೆ ಸಮಯ ಕೊಡಲಾಗದ ಕಷ್ಟ, ಅನಾರೋಗ್ಯ, ದಣಿವು ಮೊದಲಾದವು ಮತ್ತೆ ಮತ್ತೆ ಕೇಳಿಬಂದವು. ಇತರರು ವಿರಾಮದಲ್ಲಿರುವ ಹೊತ್ತೇ ನಿಮಗೆ ಕೆಲಸದ ಹೊತ್ತು. ನಿವೃತ್ತಿಯ ನಂತರ ಅದನ್ನು ಬಯಸುತ್ತೀರಾ? ಬಯಸುವುದಾದರೂ ವಾಸದ ಮನೆಯನ್ನು ಅಡವಿಡಬೇಡಿ. ಬಾಡಿಗೆ ಕರಾರಿನಲ್ಲಿ ಒಂದು ಅಥವಾ ಎರಡು ವರ್ಷಗಳ ನಂತರ ನೋಟಿಸ್ ಕೊಟ್ಟು ಹೊರಬರುವ ಅವಕಾಶವಿರಲಿ. ಹತ್ತು ವರ್ಷಗಳ ಕರಾರಿಗೆ ಸಹಿ ಹಾಕಿ, ಹತ್ತನೆಯ ತಿಂಗಳಲ್ಲಿ ಮುಚ್ಚಿದವರಿಗೆ ಮುಚ್ಚಿದ ಮೇಲೂ ಬಾಡಿಗೆ ಬೆನ್ನು ಬಿಡುವುದಿಲ್ಲ.

ಪ್ರಶ್ನೆ: ಆನ್‌ಲೈನ್ ರೇಟಿಂಗ್ ಮತ್ತು ಮನೆಗೆ ತಲುಪಿಸುವ ಆ್ಯಪ್‌ಗಳು ಬಡಾವಣೆಯ ರೆಸ್ಟೋರೆಂಟನ್ನು ಉಳಿಸಬಲ್ಲವೇ?

ಉತ್ತರ: ರೇಟಿಂಗಿಗೆ ಬೆಲೆಯಿದೆ ಎಂಬುದಕ್ಕೆ ಆಧಾರವಿದೆ. ಮೈಕೆಲ್ ಲೂಕಾ ಅವರು ಸಿಯಾಟಲ್ ನಗರದ ರೆಸ್ಟೋರೆಂಟುಗಳ ಆದಾಯವನ್ನೂ ಯೆಲ್ಪ್ ತಾಣದ ರೇಟಿಂಗನ್ನೂ ಹೋಲಿಸಿ, ಒಂದು ತಾರೆ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಹೆಚ್ಚುತ್ತದೆ ಎಂದು ಕಂಡುಕೊಂಡರು. ಈ ಪರಿಣಾಮ ಸ್ವತಂತ್ರ ರೆಸ್ಟೋರೆಂಟುಗಳಲ್ಲಿ ಕಂಡಿತು, ಸರಣಿ ರೆಸ್ಟೋರೆಂಟುಗಳಲ್ಲಿ ಕಾಣಲಿಲ್ಲ. ಸರಣಿಗಳ ಬಗ್ಗೆ ಜನರಿಗೆ ಮೊದಲೇ ಗೊತ್ತಿರುವುದರಿಂದ ಹೊಸದಾಗಿ ತಿಳಿಯುವುದೇನೂ ಇರುವುದಿಲ್ಲ. ಶೇ 5 ಎಂಬುದು ಸಣ್ಣ ಅಂಕಿಯಾಗಿ ಕಂಡರೆ, ಮೊದಲ ಉತ್ತರದ ಲೆಕ್ಕದಲ್ಲಿ ಲಾಭವೇ ನೂರಕ್ಕೆ 5 ಇತ್ತು ಎಂಬುದನ್ನು ನೆನೆಯಿರಿ. ಆದರೆ ರೇಟಿಂಗ್ ಮುಖ್ಯವಾಗಿ ಹೊಸಬರನ್ನು ತರುತ್ತದೆ. ಈಗಾಗಲೇ ಮೂರು ಸಲ ಉಂಡ ನೆರೆಯವರು ತಾರೆಗಳನ್ನು ನೋಡಿ ನಾಲ್ಕನೆಯ ಸಲ ಬರುವುದಿಲ್ಲ.

ಮನೆಗೆ ತಲುಪಿಸುವ ವ್ಯಾಪಾರದ ಲೆಕ್ಕದಲ್ಲಿ ಎಚ್ಚರದಿಂದಿರಬೇಕು. ಆ್ಯಪ್‌ಗಳ ಕಮಿಷನ್ ಬಹಳ ಕಡೆ ಶೇ 15ರಿಂದ 30ರವರೆಗಿರುತ್ತದೆ. ಮೇಜಿನಲ್ಲಿ ಉಂಡ ನೂರರ ಬಿಲ್ಲಿನಲ್ಲಿ ಸಾಮಗ್ರಿಯ 30 ಕಳೆದು, ಬಾಡಿಗೆ ಸಂಬಳಗಳ ಕಡೆಗೆ 70 ಉಳಿಯುತ್ತದೆ. ಆ್ಯಪ್ ಮೂಲಕ ಹೋದ ನೂರರಲ್ಲಿ ಸಾಮಗ್ರಿಯ 30ರ ಜೊತೆಗೆ ಕಮಿಷನ್ 25 ಮತ್ತು ಡಬ್ಬಿ, ಚೀಲಗಳಿಗೆ 5 ಕಳೆದರೆ ಉಳಿಯುವುದು 40. ಎಂದೂ ಬಾರದಿದ್ದ ಹೊಸ ಮನೆಗೆ ಹೋದ ಊಟವಾದರೆ ಈ 40 ಸ್ವಾಗತಾರ್ಹ, ಏಕೆಂದರೆ ಅಡುಗೆಮನೆ ಹೇಗೂ ಉರಿಯುತ್ತಿರುತ್ತದೆ. ಮೇಜಿಗೆ ಬರುತ್ತಿದ್ದ ಗಿರಾಕಿಯೇ ಮನೆಗೆ ತರಿಸಿಕೊಂಡರೆ 30 ಕಳೆದುಕೊಂಡಂತೆ. ಸಣ್ಣ ಬಡಾವಣೆಯಲ್ಲಿ ಎರಡನೆಯದೇ ಹೆಚ್ಚು ನಡೆಯುವ ಸಂಭವವಿದೆ. ತಾವೇ ಬಂದು ಪಾರ್ಸೆಲ್ ಒಯ್ಯುವವರಿಗೆ ತುಸು ಕಡಿಮೆ ದರ ಇಟ್ಟರೆ ಇಬ್ಬರಿಗೂ ಲಾಭ.

ಪ್ರಶ್ನೆ: ಆರಂಭದ ದಿನಗಳಲ್ಲಿ ಅರ್ಧ ಬೆಲೆಗೆ ಊಟ ಕೊಟ್ಟು ಜನರನ್ನು ಸೆಳೆಯಬಹುದೇ?

ಉತ್ತರ: ಬೇಡ. ಅಡುಗೆಮನೆ ಇನ್ನೂ ಹದಕ್ಕೆ ಬಾರದ ವಾರದಲ್ಲಿ ಬಡಾವಣೆಯ ಎಲ್ಲರನ್ನೂ ಒಟ್ಟಿಗೆ ಕರೆದು, ಒಂದೂವರೆ ಗಂಟೆ ಕಾಯಿಸಿ, ತಣ್ಣಗಾದ ಊಟ ಬಡಿಸುವುದಕ್ಕೆ ಸ್ವಂತ ಹಣ ಕೊಟ್ಟಂತಾಗುತ್ತದೆ. ಫಲಕ ಹಾಕದೆ, ಪ್ರಚಾರ ಮಾಡದೆ ಎರಡು ಮೂರು ವಾರ ಸದ್ದಿಲ್ಲದೆ ನಡೆಸಿ, ತಪ್ಪುಗಳನ್ನು ತಿದ್ದಿಕೊಂಡ ಮೇಲೆ ಉದ್ಘಾಟನೆ ಇಟ್ಟುಕೊಳ್ಳುವುದು ಲೇಸು.

ಪ್ರಶ್ನೆ: ನಮ್ಮ ಬೀದಿಯ ರೆಸ್ಟೋರೆಂಟ್ ಉಳಿಯಬೇಕೆಂದು ನಮಗೆ ಆಸೆ. ಗಿರಾಕಿಗಳಾಗಿ ನಾವು ಏನು ಮಾಡಬಹುದು?

ಉತ್ತರ: ವಾರದ ನಡುವೆ ಹೋಗಿ. ಮೇಜು ಕಾದಿರಿಸಿ ಬರಲಾಗದಿದ್ದರೆ ತಿಳಿಸಿ. ಊಟದಲ್ಲಿ ಕೊರತೆ ಕಂಡರೆ ಆನ್‌ಲೈನಿನಲ್ಲಿ ಬರೆಯುವ ಮೊದಲು ಮಾಲೀಕರಿಗೆ ಹೇಳಿ, ಏಕೆಂದರೆ ಸುಮ್ಮನೆ ಎದ್ದು ಹೋಗಿ ಮತ್ತೆ ಬಾರದಿರುವ ಗಿರಾಕಿಯಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚಿನ ಹೊಣೆ ನಿಮ್ಮದಲ್ಲ. ಕನಿಕರದಿಂದ ಉಣ್ಣುವವರನ್ನು ನಂಬಿ ಯಾವ ವ್ಯಾಪಾರವೂ ನಡೆಯದು.

ಪ್ರಶ್ನೆ: ಹತ್ತು ತಿಂಗಳಿಂದ ರೆಸ್ಟೋರೆಂಟ್ ನಡೆಸುತ್ತಿದ್ದೇನೆ. ಪ್ರತಿ ತಿಂಗಳೂ ಸ್ವಲ್ಪ ನಷ್ಟ. ಇನ್ನಷ್ಟು ದಿನ ನೋಡೋಣವೇ, ಮುಚ್ಚೋಣವೇ?

ಉತ್ತರ: ನಷ್ಟದ ಮೊತ್ತಕ್ಕಿಂತ ಅದರ ದಿಕ್ಕು ಮುಖ್ಯ. ಕಳೆದ ನಾಲ್ಕು ತಿಂಗಳುಗಳ ಮಾರಾಟವನ್ನು ವಾರವಾರವಾಗಿ ಬರೆದು, ಬಂದವರಲ್ಲಿ ಮೊದಲೂ ಬಂದಿದ್ದವರು ಎಷ್ಟು ಎಂದು ನಿಮ್ಮ ಸಪ್ಲೈಯರ್‌ಗಳನ್ನು ಕೇಳಿ. ಅವರಿಗೆ ಮುಖಗಳು ನೆನಪಿರುತ್ತವೆ. ಮರಳಿ ಬರುವವರು ನಿಧಾನವಾಗಿಯಾದರೂ ಹೆಚ್ಚುತ್ತಿದ್ದು ನಷ್ಟ ಕರಗುತ್ತಿದ್ದರೆ, ಮಧ್ಯಾಹ್ನದ ಹೊತ್ತನ್ನು ಕೈಬಿಟ್ಟೋ ವಾರಕ್ಕೊಂದು ದಿನ ಮುಚ್ಚಿಯೋ ಖರ್ಚು ತಗ್ಗಿಸಿ ಮುಂದುವರಿಯಬಹುದು. ಹೊಸಬರ ಸಂಖ್ಯೆ ಇಳಿದು ಹಳಬರ ಸಂಖ್ಯೆ ನಿಂತಲ್ಲೇ ನಿಂತಿದ್ದರೆ ಕಾಯುವುದರಿಂದ ಏನೂ ಬದಲಾಗದು.

ಸಾಮಗ್ರಿ ಪೂರೈಸುವವರಿಗೆ ಹಣ ತಡವಾಗುತ್ತಿದೆಯೇ, ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯನ್ನು ಸಂಬಳಕ್ಕೆ ಬಳಸುತ್ತಿದ್ದೀರಾ, ನಿಮ್ಮ ಸ್ವಂತ ದುಡಿಮೆಗೆ ಒಂದು ಬಿಡಿಗಾಸೂ ತೆಗೆದುಕೊಳ್ಳುತ್ತಿಲ್ಲವೇ ಎಂದೂ ನೋಡಿಕೊಳ್ಳಿ. ಮೊದಲ ಎರಡಕ್ಕೆ ಉತ್ತರ ಹೌದು ಎಂದಾದರೆ ನೀವು ಆಗಲೇ ಇತರರ ಹಣದಲ್ಲಿ ವ್ಯಾಪಾರ ನಡೆಸುತ್ತಿದ್ದೀರಿ. ಇನ್ನು ಎಷ್ಟು ಹಣ, ಎಷ್ಟು ತಿಂಗಳು ಎಂಬ ಮಿತಿಯನ್ನು ಇಂದೇ ಕಾಗದದ ಮೇಲೆ ಬರೆದು ಮನೆಯವರಿಗೆ ತೋರಿಸಿ, ಏಕೆಂದರೆ ಒಂದು ಒಳ್ಳೆಯ ಶನಿವಾರದ ಮರುದಿನ ಯಾರಿಗೂ ಸರಿಯಾದ ನಿರ್ಧಾರ ಮಾಡಲಾಗದು. ಮುಚ್ಚುವುದೆಂದಾದರೆ ಬಾಗಿಲು ತೆರೆದಿರುವಾಗಲೇ ಕೊಳ್ಳುವವರನ್ನು ಹುಡುಕಿ. ಓಡುತ್ತಿರುವ ಅಡುಗೆಮನೆಗೆ ಸಿಗುವ ಬೆಲೆ ಬೀಗ ಹಾಕಿದ ಅಡುಗೆಮನೆಗೆ ಸಿಗುವುದಿಲ್ಲ. ಮಳಿಗೆಯವರಿಗೆ ಕರಾರಿನಂತೆ ನೋಟಿಸ್ ಕೊಡಿ, ನೌಕರರಿಗೆ ಬೇರೆ ಕೆಲಸ ಹುಡುಕಿಕೊಳ್ಳುವಷ್ಟು ಮುಂಚಿತವಾಗಿ ತಿಳಿಸಿ, ಮತ್ತು ಉಳಿದ ಹಣದಲ್ಲಿ ಅವರ ಸಂಬಳವನ್ನು ಮೊದಲು ತೆಗೆದಿಡಿ.